ರೋಗಾಣು ಸತ್ತರೂ ನರ ಸಾಯಬಹುದು: ಮಂಡಕ್ಕಿ ಭಟ್ಟಿಯ ಕೆಲಸಗಾರರೊಬ್ಬರ ಪ್ರಕರಣ

ಕುಷ್ಠರೋಗ ವಾಸಿಯಾಗುತ್ತದೆ ಅಂತ ಈಗ ಗೋಡೆ ಬರಹದಲ್ಲೂ ಇರುತ್ತದೆ. ಅದು ನಿಜ. ಆದರೆ ರೋಗ ವಾಸಿಯಾದ ಮೇಲೂ ಬೆರಳು ಮಡಚಿಕೊಂಡೇ ಉಳಿದವರನ್ನು ನಾನು ದಾವಣಗೆರೆಯಲ್ಲಿ ಈಗಲೂ ನೋಡುತ್ತೇನೆ. ರೋಗಾಣು ಕೊಲ್ಲುವುದು ಒಂದು ಕೆಲಸ, ನರ ಉಳಿಸುವುದು ಇನ್ನೊಂದು ಕೆಲಸ. ಎರಡಕ್ಕೂ ಔಷಧಿ ಬೇರೆ ಬೇರೆ. ಎರಡೂ ಒಟ್ಟೊಟ್ಟಿಗೆ ನಡೀಬೇಕು. ಒಂದು ನಿಂತರೆ ಇನ್ನೊಂದು ಎಷ್ಟೇ ಸರಿಯಾಗಿ ನಡೆದರೂ ಕೈ ಹೋಗಬಹುದು.

ಈ ಪ್ರಕರಣ ಬರೆಯುತ್ತಿರುವುದು ಮುಖ್ಯವಾಗಿ ಕಿರಿಯ ವೈದ್ಯರಿಗೆ, ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ. ಮನೆಯಲ್ಲಿ ಇಂಥ ರೋಗಿ ಇರುವವರಿಗೂ ಉಪಯೋಗ ಆಗಬಹುದು. ರೋಗಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಮಂಡಕ್ಕಿ ಭಟ್ಟಿಯ ಕೆಲಸ ಅನ್ನೋದನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಅದಿಲ್ಲದೆ ಈ ಪ್ರಕರಣ ಅರ್ಥವಾಗೋದಿಲ್ಲ. ದಾವಣಗೆರೆಯಲ್ಲಿ ಆ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಹಿನ್ನೆಲೆ

ರೋಗಿಗೆ ನಲವತ್ತರ ಆಸುಪಾಸು. ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಕೆಲಸ. ಬೆಳಗಾಗುವ ಮುಂಚೆಯೇ ಒಲೆ ಹತ್ತುತ್ತದೆ. ಭತ್ತದ ಹೊಟ್ಟು ಉರಿಸುತ್ತಾರೆ. ಕಾದ ಮರಳಿಗೆ ಅಕ್ಕಿ ಹಾಕಿ ಆಡಿಸಿದರೆ ಅರಳುತ್ತದೆ, ತಕ್ಷಣ ಜರಡಿ ಹಿಡಿದು ಮರಳು ಬೇರೆ ಮಾಡಬೇಕು. ಕೈ ಸದಾ ಬಿಸಿಯ ಹತ್ತಿರವೇ ಇರುವ ಕೆಲಸ ಇದು.

ಅವರ ಬೆನ್ನ ಮೇಲೆ, ಮುಂಗೈ ಮೇಲೆ ಮಾಸಲು ಮಚ್ಚೆಗಳಿದ್ದವು. ಎಷ್ಟು ವರ್ಷದಿಂದ ಅಂತ ಅವರಿಗೇ ಸರಿಯಾಗಿ ನೆನಪಿಲ್ಲ. ತುರಿಕೆ ಇಲ್ಲ, ನೋವಿಲ್ಲ. ತದ್ದು ಅಂದುಕೊಂಡು ಮುಲಾಮು ಹಚ್ಚುತ್ತಿದ್ದರು. ಆಮೇಲೆ ಬಲಗೈ ಕಿರುಬೆರಳಲ್ಲಿ ಜೋಮು ಶುರುವಾಯಿತು. ಅದಕ್ಕೆ ಔಷಧಿ ಅಂಗಡಿಯೊಂದರಲ್ಲಿ "ನರದ ಮಾತ್ರೆ" ಕೊಟ್ಟರು: ಪ್ರೆಗಾಬಲಿನ್ ಮತ್ತು ಮೀಥೈಲ್‌ಕೋಬಾಲಮಿನ್ ಸೇರಿದ ಮಾತ್ರೆ. ಜೋಮು ಕಮ್ಮಿ ಅನ್ನಿಸಿತು. ಹೀಗೇ ಒಂದು ವರ್ಷದ ಮೇಲಾಯಿತು.

ಈ ಮಾತ್ರೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಪ್ರೆಗಾಬಲಿನ್ ಮಾಡುವುದು ನರದಿಂದ ಬರುವ ಉರಿ, ಜುಮುಗುಟ್ಟುವಿಕೆ ಕಡಿಮೆ ಮಾಡುವ ಕೆಲಸ. ಮೀಥೈಲ್‌ಕೋಬಾಲಮಿನ್ ಅಂದರೆ ಬಿ12 ವಿಟಮಿನ್. ಬಿ12 ಕೊರತೆ ಇದ್ದವರಿಗೆ ಅದು ನಿಜವಾಗಿಯೂ ನರ ಉಳಿಸುವ ಔಷಧಿ. ಆದರೆ ನರದೊಳಗೆ ರೋಗಾಣು ಕೂತಿರುವಾಗ, ಅದರ ಸುತ್ತ ಉರಿಯೂತ ನಡೆಯುತ್ತಿರುವಾಗ, ಇವೆರಡೂ ಆ ಹಾನಿಯನ್ನು ನಿಲ್ಲಿಸೋದಿಲ್ಲ. ಜೋಮು ಅನ್ನೋದು ನರ ಕೊಡುವ ಎಚ್ಚರಿಕೆ. ಕಾರಣ ಹುಡುಕದೆ ಅದನ್ನು ಸುಮ್ಮನಾಗಿಸಿದರೆ ರೋಗಿ ಆಸ್ಪತ್ರೆಗೆ ಬರುವುದೇ ತಡವಾಗುತ್ತದೆ. ಈ ಪ್ರಕರಣದಲ್ಲಿ ಆದದ್ದು ಅದೇ.

ಕಡೆಗೆ ಅವರನ್ನು ನನ್ನ ಹತ್ತಿರ ಕರೆತಂದಿದ್ದು ಒಂದು ಸುಟ್ಟ ಗಾಯ. ಕಿರುಬೆರಳ ಹೊರಬದಿಗೆ ದೊಡ್ಡ ಬೊಬ್ಬೆ ಎದ್ದು ಒಡೆದಿತ್ತು. "ಯಾವಾಗ ಸುಟ್ಟಿತು?" ಅಂತ ಕೇಳಿದೆ. "ಗೊತ್ತೇ ಆಗ್ಲಿಲ್ರಿ ಮೇಡಂ, ಮನೀಗೆ ಹೋದ್ಮೇಲೆ ಮನೆಯೋರು ನೋಡಿ ಹೇಳಿದ್ರು" ಅಂದರು. ಕಾದ ಮರಳು ಬೆರಳಿಗೆ ಅಂಟಿದ್ದು ತಿಳಿಯಲಿಲ್ಲ ಅಂದರೆ ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆಯೇ.

ಸ್ಪರ್ಶ ಪರೀಕ್ಷೆ ಮಾಡಿದೆ. ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ನೈಲಾನ್ ಎಳೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಬಾಲ್ ಪೆನ್ನು ಸಾಕು. ರೋಗಿ ಕಣ್ಣು ಮುಚ್ಚಬೇಕು. ಚರ್ಮ ಸ್ವಲ್ಪವೇ ತಗ್ಗುವಷ್ಟು ಮೃದುವಾಗಿ ಪೆನ್ನಿನ ಮೊನೆ ಇಡಬೇಕು. ಮುಟ್ಟಿದ ಜಾಗವನ್ನು ಅವರು ಇನ್ನೊಂದು ಕೈಬೆರಳಿಂದ ತೋರಿಸಬೇಕು. ಹೆಬ್ಬೆರಳು, ತೋರುಬೆರಳು, ಅಂಗೈ ಒಳಗೆ ಎಲ್ಲ ಸರಿಯಾಗಿ ತೋರಿಸಿದರು. ಆಮೇಲೆ ಕಿರುಬೆರಳ ತುದಿ, ನಡುವು, ಬುಡ, ಅಂಗೈಯ ಅಂಚು ಮುಟ್ಟುತ್ತಾ ಹೋದೆ. ಅವರು ಕಣ್ಣು ಮುಚ್ಚಿಕೊಂಡೇ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಶುರು ಮಾಡ್ರಿ ಮೇಡಂ" ಅಂದರು. ಪಕ್ಕದಲ್ಲಿ ನಿಂತಿದ್ದ ಹೆಂಡತಿ ಬಾಯಿಗೆ ಸೆರಗು ಹಿಡಿದರು.

ಮೊಣಕೈ ಹಿಂದೆ, ಒಳಬದಿಯ ಮೂಳೆಯ ಸಂದಿಯಲ್ಲಿ ಅಲ್ನಾರ್ ನರ, ಅಂದರೆ ಕಿರುಬೆರಳ ಕಡೆಗೆ ಹೋಗುವ ನರ, ಹಗ್ಗದ ಹಾಗೆ ದಪ್ಪಗಾಗಿತ್ತು. ಮಚ್ಚೆಗಳು ಐದಕ್ಕಿಂತ ಜಾಸ್ತಿ. ಮಚ್ಚೆಗಳ ಮೇಲೂ ಸ್ಪರ್ಶ ಇಲ್ಲ. ಕುಷ್ಠರೋಗ ಅನ್ನೋದಕ್ಕೆ ಇನ್ನೇನೂ ಬೇಕಿರಲಿಲ್ಲ. ಕೈಯ ಬಲ ಮಾತ್ರ ಆಗ ಪೂರ್ತಿ ಇತ್ತು. ಈ ಒಂದು ವಾಕ್ಯ ಮುಂದೆ ಬಹಳ ಮುಖ್ಯವಾಗುತ್ತದೆ.

ಮೂರು ಔಷಧಿ ಯಾಕೆ

ಚಿಕಿತ್ಸೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಶುರುವಾಯಿತು. ಎಂಡಿಟಿ, ಅಂದರೆ ಬಹು ಔಷಧಿ ಚಿಕಿತ್ಸೆ, ಪೂರ್ತಿ ಉಚಿತ. ಅವರದು ಹೆಚ್ಚು ಮಚ್ಚೆ, ಹೆಚ್ಚು ರೋಗಾಣು ಇರುವ ಬಗೆ. ಹಾಗಾಗಿ 12 ತಿಂಗಳ ಪಟ್ಟಿ. ತಿಂಗಳಿಗೊಮ್ಮೆ ಆರೋಗ್ಯ ಕಾರ್ಯಕರ್ತರ ಮುಂದೆಯೇ 600 ಮಿ.ಗ್ರಾಂ. ರಿಫಾಂಪಿಸಿನ್ ಮತ್ತು 300 ಮಿ.ಗ್ರಾಂ. ಕ್ಲೋಫಜಿಮಿನ್ ನುಂಗಬೇಕು. ದಿನವೂ ಮನೆಯಲ್ಲಿ 100 ಮಿ.ಗ್ರಾಂ. ಡ್ಯಾಪ್ಸೋನ್, 50 ಮಿ.ಗ್ರಾಂ. ಕ್ಲೋಫಜಿಮಿನ್.

ಒಂದೇ ಔಷಧಿ ಸಾಲದೇ ಅಂತ ರೋಗಿಗಳು ಕೇಳುತ್ತಾರೆ. ಒಂದು ಕಾಲದಲ್ಲಿ ಒಂದೇ ಇತ್ತು. 1940ರ ದಶಕದಿಂದ ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ಕೊಡುತ್ತಿದ್ದರು. 1964ರಲ್ಲಿ ಅದಕ್ಕೆ ಬಗ್ಗದ ರೋಗಾಣು ಇರುವುದು ಪ್ರಯೋಗದಲ್ಲಿ ಸಾಬೀತಾಯಿತು. ಆಮೇಲೆ ಅದು ಹೆಚ್ಚುತ್ತಾ ಹೋಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಗುಂಪು ಔಷಧಿಗಳನ್ನು ಸೇರಿಸಿ ಕೊಡಲು ಹೇಳಿತು. ಭಾರತದಲ್ಲಿ 1983ರಿಂದ ಇದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ಒಂದು ಔಷಧಿಯಿಂದ ತಪ್ಪಿಸಿಕೊಂಡ ರೋಗಾಣುವನ್ನು ಇನ್ನೊಂದು ಹಿಡಿಯಬೇಕು, ಲೆಕ್ಕ ಅದು. ಇದರಲ್ಲಿ ರಿಫಾಂಪಿಸಿನ್ ಬಲವಾದದ್ದು. ಮೊದಲ ಡೋಸಿಗೇ ಜೀವಂತ ರೋಗಾಣುಗಳಲ್ಲಿ ಬಹುಪಾಲು ಸಾಯುತ್ತವೆ.

ಆದರೆ ಸತ್ತ ರೋಗಾಣು ಮಾಯವಾಗೋದಿಲ್ಲ. ಅದರ ಚೂರುಗಳು ನರದೊಳಗೇ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುತ್ತವೆ. ಕುಷ್ಠದ ರೋಗಾಣುವಿಗೆ ದೇಹದ ತಂಪಾದ ಭಾಗ ಇಷ್ಟ. ಚರ್ಮದ ಹತ್ತಿರ ಹಾದುಹೋಗುವ ನರಗಳ ಹೊದಿಕೆ ಜೀವಕೋಶಗಳಲ್ಲಿ ಅದು ಮನೆ ಮಾಡುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ಒಂದು ದಿನ ಎದ್ದು ಆ ಚೂರುಗಳ ಮೇಲೆ ಬಿದ್ದರೆ, ನರ ಒಳಗಿಂದ ಊದುತ್ತದೆ. ನರದ ಸುತ್ತಲಿನ ಪೊರೆ ಹಿಗ್ಗುವಂಥದ್ದಲ್ಲ. ಬಿಗಿ ಬಳೆ ತೊಟ್ಟ ಕೈ ಊದಿಕೊಂಡರೆ ಏನಾಗುತ್ತದೋ ಹಾಗೆ. ಒತ್ತಡ ಏರುತ್ತದೆ, ರಕ್ತ ಹರಿಯೋದು ಕಮ್ಮಿಯಾಗುತ್ತದೆ. ಮೊದಲು ಎಳೆಗಳ ಮೇಲಿನ ಹೊದಿಕೆ ಹಾಳಾಗಿ ಸಂದೇಶ ನಿಲ್ಲುತ್ತದೆ. ಈ ಹಂತದಲ್ಲಿ ಊತ ಇಳಿಸಿದರೆ ನರ ತಿರುಗಿ ಬರುತ್ತದೆ. ಒತ್ತಡ ಹಾಗೇ ಇದ್ದರೆ ಎಳೆಯೇ ತುಂಡಾಗುತ್ತದೆ. ತುಂಡಾದ ಜಾಗದಿಂದ ಬೆರಳಿನ ಕಡೆಗಿನ ಎಳೆ ಪೂರ್ತಿ ನಶಿಸಿ ಹೋಗುತ್ತದೆ. 1850ರಲ್ಲಿ ಆಗಸ್ಟಸ್ ವಾಲರ್ ಕಪ್ಪೆಯ ನಾಲಿಗೆಯ ನರ ಕತ್ತರಿಸಿ ಇದನ್ನು ಮೊದಲು ವಿವರಿಸಿದರು. ಅದಕ್ಕೇ ಇದಕ್ಕೆ ಅವರದೇ ಹೆಸರು.

ಸತ್ತ ಎಳೆ ಮತ್ತೆ ಬೆಳೆಯೋದಿಲ್ಲವೇ? ಬೆಳೆಯಬಹುದು, ದಿನಕ್ಕೆ ಹೆಚ್ಚುಕಡಿಮೆ 1 ಮಿಲಿಮೀಟರ್. ಮೊಣಕೈಯಿಂದ ಕಿರುಬೆರಳ ತುದಿಗೆ ಏನಿಲ್ಲವೆಂದರೂ 35 ಸೆಂಟಿಮೀಟರ್ ಇರುತ್ತದೆ. ಅಂದರೆ ಎಲ್ಲವೂ ಸರಿಹೋದರೂ ಸುಮಾರು ಒಂದು ವರ್ಷ. ಕುಷ್ಠದಲ್ಲಿ ನರದೊಳಗೆ ಗಾಯದ ಕಲೆ ಕಟ್ಟಿರುವುದರಿಂದ ಎಲ್ಲವೂ ಸರಿಹೋಗುವುದು ಅಪರೂಪ.

ಸಮಸ್ಯೆ ಎದ್ದದ್ದು

ಮೊದಲ ಮೂರು ತಿಂಗಳು ಚೆನ್ನಾಗಿ ನಡೆಯಿತು. ಡ್ಯಾಪ್ಸೋನ್‌ನಿಂದ ರಕ್ತ ಕಮ್ಮಿಯಾಗಿದೆಯೇ ಅಂತ ನೋಡಿದ್ದೆವು, ಪರವಾಗಿಲ್ಲ ಅನ್ನುವಷ್ಟಿತ್ತು. ಕ್ಲೋಫಜಿಮಿನ್‌ನಿಂದ ಮೈ ಬಣ್ಣ ಕಪ್ಪಾಗಿತ್ತು. ಭಟ್ಟಿಯಲ್ಲಿ ಇದ್ದವರೆಲ್ಲ ಬೆಂಕಿ ಮುಂದೆ ನಿಂತು ಹಾಗಾಗಿದೆ ಅಂದುಕೊಂಡಿದ್ದರು. ಅವರೂ ಹಾಗೇ ಇರಲಿ ಅಂತ ಬಿಟ್ಟರು.

ನಾಲ್ಕನೇ ತಿಂಗಳಲ್ಲಿ ಮಚ್ಚೆಗಳು ಇದ್ದಕ್ಕಿದ್ದಂತೆ ಕೆಂಪಗಾಗಿ ದಪ್ಪಗಾದವು. ಮೊಣಕೈಯಲ್ಲಿ ನೋವು. ರಾತ್ರಿ ನಿದ್ದೆ ಇಲ್ಲ. ಹತ್ತಿರದ ಸಂಬಂಧಿಕರೊಬ್ಬರು "ಇದು ಮಾತ್ರೆ ಅಲರ್ಜಿ, ಎಲ್ಲಾ ನಿಲ್ಸು" ಅಂದರು. ರೋಗಿ ಎಂಡಿಟಿ ನಿಲ್ಲಿಸಿದರು. ಹಳೇ "ನರದ ಮಾತ್ರೆ" ಮತ್ತೆ ಶುರು ಮಾಡಿದರು.

ತಿಂಗಳ ಡೋಸಿಗೆ ಬಾರದ ಕಾರಣ ಆಶಾ ಕಾರ್ಯಕರ್ತೆ ಮನೆಗೆ ಹೋದರು. ಅವರು ಬರೀ ಮಾತ್ರೆ ಬಗ್ಗೆ ಕೇಳಿ ವಾಪಸ್ ಬರಲಿಲ್ಲ. "ಅಣ್ಣಾ, ಕಿರುಬೆರಳು ಪಕ್ಕಕ್ಕೆ ಚಾಚು ನೋಡೋಣ" ಅಂದರು. ಬೆರಳು ಚಾಚಿತು. ಆದರೆ ಆಕೆ ತನ್ನ ಬೆರಳಿಂದ ಸ್ವಲ್ಪ ತಳ್ಳಿದ ಕೂಡಲೇ ಒಳಗೆ ಬಿದ್ದುಹೋಯಿತು. ಮಾರನೇ ದಿನವೇ ಕರೆತಂದರು. ಈ ಪ್ರಕರಣದಲ್ಲಿ ಒಂದು ಕೈ ಉಳಿದಿದ್ದರೆ, ಅದರ ಮೊದಲ ಶ್ರೇಯ ಆಕೆಯದು. ಇದನ್ನು ಸ್ಪಷ್ಟವಾಗಿಯೇ ಬರೆಯುತ್ತೇನೆ.

ನನ್ನ ಮುಂದಿದ್ದ ಸ್ಥಿತಿ ಇದು: ಮೊದಲ ಬಗೆಯ ರಿಯಾಕ್ಷನ್. ಅಲರ್ಜಿ ಅಲ್ಲ, ರೋಗ ಮರುಕಳಿಸಿದ್ದೂ ಅಲ್ಲ. ದೇಹವೇ ರೋಗಾಣುವಿನ ಮೇಲೆ ಬಿದ್ದು ನಡುವೆ ನರಕ್ಕೆ ಪೆಟ್ಟು ಕೊಡುತ್ತಿರುವುದು. ಕಿರುಬೆರಳು ಚಾಚುವ ಬಲ 5ಕ್ಕೆ 3. ಉಂಗುರ ಬೆರಳು, ಕಿರುಬೆರಳು ಬಾಗಲು ಶುರುವಾಗಿವೆ. ಎರಡು ಬೆರಳ ನಡುವೆ ಒಂದು ಕಾಗದ ಕೊಟ್ಟು ಎಳೆದರೆ ಜಾರಿ ಬರುತ್ತದೆ.

ನಷ್ಟ ಯಾವಾಗಿನದು?

ಇಲ್ಲಿ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಇಡೀ ಪ್ರಕರಣದ ತಿರುವು ಈ ಪ್ರಶ್ನೆಯಲ್ಲಿದೆ.

ನರದ ಊತ ಇಳಿಸುವ ಔಷಧಿ ಪ್ರೆಡ್ನಿಸೋಲೋನ್, ಅಂದರೆ ಸ್ಟೀರಾಯ್ಡ್. ಅದು ಹೊಸ ನಷ್ಟಕ್ಕೆ ಕೆಲಸ ಮಾಡುತ್ತದೆ, ಹಳೆಯದಕ್ಕೆ ಅಲ್ಲ. ನಡುವಿನ ಗೆರೆ ಸುಮಾರು 6 ತಿಂಗಳು. 6ರಿಂದ 24 ತಿಂಗಳ ಹಳೆಯ ನಷ್ಟ ಇದ್ದವರಿಗೆ ಪ್ರೆಡ್ನಿಸೋಲೋನ್ ಕೊಟ್ಟು ನೋಡಿದ ಟ್ರೈಪಾಡ್ ಅಧ್ಯಯನದಲ್ಲಿ ಔಷಧಿಯಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾದರೆ ಇವರ ಕೈಗೆ ಎಷ್ಟು ವಯಸ್ಸಾದ ನಷ್ಟ?

ಇವರನ್ನೇ ಕೇಳಿದರೆ "ಬಾಳ ದಿನದಿಂದ ಐತ್ರಿ" ಅಂದರು. ಜೋಮು ಬಹಳ ದಿನದ್ದು, ನಿಜ. ಅವರ ಮನಸ್ಸಲ್ಲಿ ಜೋಮು, ನೋವು, ಬಲ ಹೋದದ್ದು ಎಲ್ಲಾ ಒಂದೇ. ಆ ಒಂದು ಮಾತನ್ನು ನಂಬಿದ್ದರೆ ಹಳೇ ನಷ್ಟ ಅಂತ ಬರೆದು ಬಿಡಬಹುದಿತ್ತು. ಹಾಗೆ ಬರೆದಿರುವ ಚೀಟಿಗಳನ್ನು ನಾನು ನೋಡಿದ್ದೇನೆ.

ಅದಕ್ಕೆ ಕೆಲಸದ ಬಗ್ಗೆ ಕೇಳಿದೆ. ಚೀಲಕ್ಕೆ ಮಂಡಕ್ಕಿ ತುಂಬಿ ಬಾಯಿ ಕಟ್ಟುವವರು ಯಾರು? ಅವರೇ. ಹುರಿ ಎಳೆದು ಗಂಟು ಹಾಕಲು ಕಿರುಬೆರಳ ಕಡೆಯ ಹಿಡಿತ ಬೇಕು. "ದುಗ್ಗಮ್ಮನ ಜಾತ್ರಿಗೆ ಚೀಲ ಕಟ್ಟಿದ್ರಾ?" ಅಂದೆ. ದುಗ್ಗಮ್ಮನ ಜಾತ್ರೆಗೆ ಮಂಡಕ್ಕಿಯ ಬೇಡಿಕೆ ಎಷ್ಟು ಅಂತ ಊರವರಿಗೆ ಗೊತ್ತು. "ಅಯ್ಯೋ, ರಾತ್ರಿ ಹಗಲು ಕಟ್ಟೇನ್ರಿ" ಅಂದರು. ಹೆಂಡತಿ ನಡುವೆ ಬಾಯಿ ಹಾಕಿ, "ಜಾತ್ರಿ ಮುಗುದ್ಮೇಲೇ ಮೇಡಂ, ಅಂಗಿ ಗುಂಡಿನೂ ನಾನೇ ಹಾಕ್ತೀನಿ" ಅಂದರು. ಜಾತ್ರೆ ಮುಗಿದು ಆಗ ಕೆಲವು ವಾರ ಆಗಿತ್ತು ಅಷ್ಟೇ.

ಎರಡನೇ ಸಾಕ್ಷಿ ಆರೋಗ್ಯ ಕೇಂದ್ರದ ಕಾರ್ಡ್. ಚಿಕಿತ್ಸೆ ಶುರುವಾದ ದಿನ, ಆಮೇಲೆ ಪ್ರತಿ ತಿಂಗಳು, ಅಲ್ಲಿನ ನರ್ಸ್ ಕೈಯ ಬಲ ಪರೀಕ್ಷಿಸಿ ಬರೆದಿದ್ದರು. ಮೂರನೇ ತಿಂಗಳವರೆಗೂ ಬಲ ಪೂರ್ತಿ. ಕಿರುಬೆರಳ ಸ್ಪರ್ಶ ಮೊದಲ ದಿನದಿಂದಲೂ ಇಲ್ಲ. ಆ ಕಾರ್ಡು ಖಾಲಿ ಇದ್ದಿದ್ದರೆ ನಮ್ಮ ಕೈಯಲ್ಲಿ ಬರೀ ಊಹೆ ಇರುತ್ತಿತ್ತು.

ಅಂದರೆ ಒಂದೇ ನರದಲ್ಲಿ ಎರಡು ನಷ್ಟ. ಸ್ಪರ್ಶ ಹೋಗಿ ವರ್ಷ ದಾಟಿದೆ. ಬಲ ಹೋಗಿ ಕೆಲವೇ ವಾರ. ಮೊದಲನೆಯದಕ್ಕೆ ಆಸೆ ಕಮ್ಮಿ. ಎರಡನೆಯದಕ್ಕೆ ಆ ದಿನವೇ ಔಷಧಿ ಶುರುವಾಗಬೇಕು.

ಏನೇನು ಮಾಡಿದೆವು

ಮೊದಲ ನಿರ್ಧಾರ: ಎಂಡಿಟಿ ಮತ್ತೆ ಶುರು. ರಿಯಾಕ್ಷನ್ ಬಂದಾಗ ಎಂಡಿಟಿ ನಿಲ್ಲಿಸುವ ಅಗತ್ಯ ಇಲ್ಲ, ನಿಲ್ಲಿಸಬಾರದು. ರೋಗಾಣು ಉಳಿದಷ್ಟೂ ರಿಯಾಕ್ಷನ್‌ಗೆ ಮೇವು ಜಾಸ್ತಿ. ಇದನ್ನು ಅವರಿಗೆ, ಅವರ ತಾಯಿಗೆ, "ಅಲರ್ಜಿ" ಅಂದಿದ್ದ ಆ ಸಂಬಂಧಿಕರಿಗೂ ಕೂರಿಸಿ ಹೇಳಿದೆವು.

ಎರಡನೆಯದು: ದಿನಕ್ಕೆ 40 ಮಿ.ಗ್ರಾಂ. ಪ್ರೆಡ್ನಿಸೋಲೋನ್, ಬೆಳಿಗ್ಗೆ ಊಟ ಆದ ಮೇಲೆ ಒಂದೇ ಸಲ. ಎರಡು ವಾರಕ್ಕೊಮ್ಮೆ ಪರೀಕ್ಷಿಸಿ ಇಳಿಸುತ್ತಾ ಹೋಗುವುದು. ಒಟ್ಟು 20 ವಾರ ಅಂತ ಅಂದಾಜು. ಯಾಕೆ 20? 2017ರಲ್ಲಿ ಪ್ರಕಟವಾದ ಟೆನ್‌ಲೆಪ್ ಅಧ್ಯಯನದಲ್ಲಿ 20 ವಾರ ಮತ್ತು 32 ವಾರದ ಚಿಕಿತ್ಸೆಯನ್ನು ಹೋಲಿಸಿ ನೋಡಿದ್ದರು. ಎರಡೂ ಗುಂಪಿನಲ್ಲಿ ಸುಧಾರಿಸಿದವರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹೆಚ್ಚು ದಿನ ಸ್ಟೀರಾಯ್ಡ್ ಕೊಟ್ಟರೆ ಅಡ್ಡ ಪರಿಣಾಮವೂ ಹೆಚ್ಚು. ಅದಕ್ಕೆ 20. ಬೇಕಾದವರಿಗೆ ಮುಂದುವರಿಸಬಹುದು.

ಸ್ಟೀರಾಯ್ಡ್ ಕೊಡುವ ಮುಂಚೆ ನೋಡಲೇಬೇಕಾದ ಕೆಲವು ಇವೆ. ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯೇ, ಅಂದರೆ ಟಿಬಿ ಅನುಮಾನ. ಬಿಪಿ, ಶುಗರ್. ಹೊಟ್ಟೆ ಹುಣ್ಣು. ಕೈಕಾಲಲ್ಲಿ ಕೀವಾದ ಗಾಯ. ಜಂತುಹುಳಕ್ಕೆ ಔಷಧಿ ಕೊಟ್ಟೇ ಶುರು ಮಾಡಬೇಕು. ಇವರಿಗೆ ಖಾಲಿ ಹೊಟ್ಟೆಯ ಶುಗರ್ ಗಡಿಯಲ್ಲಿತ್ತು. ಮೂರನೇ ವಾರದ ಹೊತ್ತಿಗೆ ಅದು ಏರಿತು.

ಇಲ್ಲಿ ಒಂದು ಎಳೆದಾಟ. ಶುಗರ್ ಏರಿದೆ ಅಂತ ಸ್ಟೀರಾಯ್ಡ್ ಬೇಗ ಇಳಿಸಬೇಕೇ? ಹಾಗೆ ಮಾಡಿದರೆ ನರದ ಊತ ಪೂರ್ತಿ ಇಳಿಯುವ ಮುಂಚೆ ರಕ್ಷಣೆ ತೆಗೆದ ಹಾಗೆ. ನಾವು ಸ್ಟೀರಾಯ್ಡ್ ಇಳಿಸುವ ವೇಗ ಬದಲಿಸಲಿಲ್ಲ. ಶುಗರಿಗೆ ಬೇರೆ ಮಾತ್ರೆ ಸೇರಿಸಿದೆವು, ಊಟದಲ್ಲಿ ಅನ್ನ ಕಮ್ಮಿ ಮಾಡಿ ಮುದ್ದೆ-ಸೊಪ್ಪು-ಕಾಳು ಜಾಸ್ತಿ ಮಾಡಿಸಿದೆವು, ವಾರ ವಾರ ರಕ್ತ ನೋಡಿದೆವು. ಸ್ಟೀರಾಯ್ಡ್ ಇಳಿದಂತೆ ಶುಗರ್ ಕೂಡ ಇಳಿಯಿತು. ಆ ಶುಗರ್ ಮಾತ್ರೆಯನ್ನು ಕೊನೆಗೆ ನಿಲ್ಲಿಸಲು ಸಾಧ್ಯವಾಯಿತು.

ಮೂರನೆಯದು ಮಾತ್ರೆ ಅಲ್ಲ. ಅಲ್ನಾರ್ ನರ ಮೊಣಕೈ ಬಗ್ಗಿದಾಗೆಲ್ಲ ಹಿಗ್ಗಿ ಒತ್ತಿಕೊಳ್ಳುತ್ತದೆ. ಜರಡಿ ಆಡಿಸುವ ಕೆಲಸದಲ್ಲಿ ಮೊಣಕೈ ದಿನಕ್ಕೆ ಎಷ್ಟು ಸಲ ಬಗ್ಗಿ ಏಳುತ್ತದೆ ಯೋಚಿಸಿ. ಮೊದಲ ವಾರಗಳಲ್ಲಿ ರಾತ್ರಿ ಮೊಣಕೈ ಬಗ್ಗದ ಹಾಗೆ ಮೆತ್ತೆ ಇಟ್ಟು ಪಟ್ಟಿ ಕಟ್ಟಿಸಿದೆವು. ಭಟ್ಟಿಯಲ್ಲಿ ಕೆಲಸ ಬದಲಾಗಬೇಕಿತ್ತು. ಸಾಹುಕಾರರಿಗೆ ಏನು ಹೇಳುವುದು? ರೋಗದ ಹೆಸರು ಹೇಳಲು ರೋಗಿಗೆ ಇಷ್ಟ ಇರಲಿಲ್ಲ. ಅದು ಅವರ ಹಕ್ಕು. "ಮೊಣಕೈ ನರಕ್ಕೆ ಊತ ಬಂದಿದೆ, ಕೆಲವು ತಿಂಗಳು ಬಿಸಿ ಕೆಲಸ, ಭಾರದ ಕೆಲಸ ಬೇಡ" ಅಂತ ಚೀಟಿ ಬರೆದುಕೊಟ್ಟೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಾಹುಕಾರರು ತೂಕ ಹಾಕಿ ಲೆಕ್ಕ ಬರೆಯುವ ಕಡೆ ಕೂರಿಸಿದರು. ಸಂಬಳ ಸ್ವಲ್ಪ ಕಮ್ಮಿಯಾಯಿತು, ಕೆಲಸ ಉಳಿಯಿತು.

ಶಸ್ತ್ರಚಿಕಿತ್ಸೆಯ ಮಾತೂ ಬಂತು. ಮೊಣಕೈಯಲ್ಲಿ ನರದ ಸುತ್ತಲಿನ ಬಿಗಿ ಬಿಡಿಸುವ ಆಪರೇಷನ್ ಇದೆ. ಸ್ಟೀರಾಯ್ಡ್ ಜೊತೆಗೆ ಅದನ್ನೂ ಮಾಡಿದರೆ ಹೆಚ್ಚು ಲಾಭ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ನರದಲ್ಲಿ ಕೀವು ಕಟ್ಟಿದರೆ, ಔಷಧಿ ಕೊಟ್ಟರೂ ಬಲ ಇಳಿಯುತ್ತಲೇ ಹೋದರೆ ನೋಡೋಣ ಅಂತ ಬದಿಗಿಟ್ಟೆವು. ಬೇಕಾಗಲಿಲ್ಲ.

ನಡುವೆ ಒಂದು ಜಾರು

ನಾಲ್ಕು ವಾರದಲ್ಲಿ ನೋವು ಹೋಯಿತು, ಮಚ್ಚೆ ತಣ್ಣಗಾದವು. ಎಂಟನೇ ವಾರದ ಹೊತ್ತಿಗೆ ಕಿರುಬೆರಳ ಬಲ 4ಕ್ಕೆ ಬಂತು. ಎಲ್ಲರಿಗೂ ಖುಷಿ.

ಆದರೆ ಸ್ಟೀರಾಯ್ಡ್‌ನಿಂದ ಮುಖ ಊದಿತ್ತು. ಮೈ ಕಪ್ಪಾಗಿದ್ದನ್ನು ಯಾರೂ ಕೇಳಿರಲಿಲ್ಲ, ಮುಖ ಊದಿದ್ದನ್ನು ಎಲ್ಲರೂ ಕೇಳಿದರು. "ಕುಡಿಯಾಕ ಶುರು ಮಾಡಿಯೇನೋ?" ಅಂತ ಒಬ್ಬರು ಅಂದರಂತೆ. ನೋವಂತೂ ಇಲ್ಲವಲ್ಲ ಅಂತ ಅವರು ಪ್ರೆಡ್ನಿಸೋಲೋನ್ ಬಿಟ್ಟುಬಿಟ್ಟರು, ಒಂದೇ ಸಲಕ್ಕೆ. ಸ್ಟೀರಾಯ್ಡನ್ನು ಹೀಗೆ ದಿಢೀರ್ ಬಿಡುವುದು ಅಪಾಯ. ದೇಹ ತಾನೇ ತಯಾರಿಸುವ ಸ್ಟೀರಾಯ್ಡ್ ಅಷ್ಟರಲ್ಲಿ ಕಮ್ಮಿಯಾಗಿರುತ್ತದೆ, ಸುಸ್ತು, ವಾಂತಿ, ಬಿಪಿ ಕುಸಿತ ಆಗಬಹುದು. ಇವರಿಗೆ ಸುಸ್ತು ಆಯಿತು. ಜೊತೆಗೆ ಮೊಣಕೈ ಮತ್ತೆ ಸೆಳೆಯಲು ಶುರುವಾಯಿತು.

ಮುಂದಿನ ಪರೀಕ್ಷೆಯಲ್ಲಿ ಬಲ ಮತ್ತೆ 3. ಡೋಸ್ 30ಕ್ಕೆ ಏರಿಸಿ ಅಲ್ಲಿಂದ ನಿಧಾನವಾಗಿ ಇಳಿಸಿದೆವು. ಅಂದುಕೊಂಡ 20 ವಾರಕ್ಕಿಂತ ಹೆಚ್ಚು ದಿನ ಹಿಡಿಯಿತು. ಈ ಸಲ ಮಾತ್ರೆ ಎಣಿಸಿ ಕೊಡುವ ಜವಾಬ್ದಾರಿ ಹೆಂಡತಿ ತೆಗೆದುಕೊಂಡರು. ಮುಖದ ಊತ ಡೋಸ್ ಇಳಿದ ಮೇಲೆ ತಾನಾಗಿ ಹೋಗುತ್ತದೆ ಅನ್ನುವ ಮಾತನ್ನು ಮೊದಲ ದಿನವೇ, ಕನ್ನಡಿ ಮುಂದಿಟ್ಟ ಹಾಗೆ ಬಿಡಿಸಿ ಹೇಳಬೇಕು ಅಂತ ನಾನು ಈಗ ಎಲ್ಲರಿಗೂ ಹೇಳುತ್ತೇನೆ. ರೋಗಿ ಔಷಧಿ ಬಿಡುವುದು ಬಹಳ ಸಲ ಹೊಟ್ಟೆ ಉರಿಗಲ್ಲ, ಜನರ ಕಣ್ಣಿಗೆ.

ಏನಾಯಿತು

ಎಂಡಿಟಿ ತಿಂಗಳ ಡೋಸ್ ಎಲ್ಲಾ ಮುಗಿಯಿತು. ಮಚ್ಚೆಗಳು ಮಸುಕಾದವು. ಕಿರುಬೆರಳ ಬಲ ಹೆಚ್ಚುಕಡಿಮೆ ಪೂರ್ತಿ ತಿರುಗಿ ಬಂತು. ಬೆರಳು ಬಾಗಿದ್ದು ನೆಟ್ಟಗಾಯಿತು. ಕಾಗದ ಕೊಟ್ಟು ಎಳೆದರೆ ಈಗ ಹರಿಯುತ್ತದೆ, ಜಾರುವುದಿಲ್ಲ. ಅಂಗಿ ಗುಂಡಿ ತಾವೇ ಹಾಕುತ್ತಾರೆ.

ಸ್ಪರ್ಶ ಬರಲಿಲ್ಲ. ಅಂಗೈ ಅಂಚಲ್ಲಿ ಒಂದು ಕಡೆ ಸ್ವಲ್ಪ ಗೊತ್ತಾಗುತ್ತದೆ ಅನ್ನುತ್ತಾರೆ. ಕಿರುಬೆರಳು ಮೊದಲ ದಿನ ಹೇಗಿತ್ತೋ ಹಾಗೇ. ಒಂದೇ ಕೈ, ಒಂದೇ ನರ, ಒಂದೇ ಔಷಧಿ. ಹೊಸ ನಷ್ಟ ತಿರುಗಿ ಬಂತು, ಹಳೆಯದು ಬರಲಿಲ್ಲ. ಔಷಧಿ ಅಂಗಡಿಯ ಮಾತ್ರೆಯಲ್ಲಿ ಕಳೆದ ಆ ವರ್ಷದ ಬೆಲೆ ಆ ಒಂದು ಬೆರಳಲ್ಲಿ ಕೂತಿದೆ. ನನಗೆ ಈಗಲೂ ಸಂಕಟ ಆಗುವುದು ಅದಕ್ಕೇ.

ಮನೆಯವರನ್ನೆಲ್ಲ ಪರೀಕ್ಷಿಸಿದೆವು. ಯಾರಿಗೂ ಮಚ್ಚೆ ಇರಲಿಲ್ಲ. ಜೊತೆಗೆ ವಾಸಿಸುವವರಿಗೆ ರೋಗ ಬಾರದಂತೆ ಒಂದೇ ಡೋಸ್ ರಿಫಾಂಪಿಸಿನ್ ಕೊಡಲು 2018ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ವಯಸ್ಸು, ತೂಕ ನೋಡಿ ಅದನ್ನು ಕೊಡಿಸಿದೆವು.

ಇನ್ನೊಂದು ಮಾತು ಹೆಂಡತಿಗೆ ಹೇಳಬೇಕಾಗಿ ಬಂತು. ಸಂಬಂಧಿಕರಲ್ಲಿ ಯಾರೋ ಈ ರೋಗ ಇದ್ದರೆ ಡೈವೋರ್ಸ್ ಸಿಗುತ್ತದೆ ಅಂದಿದ್ದರಂತೆ. 2019ರಲ್ಲಿ ಕಾನೂನು ತಿದ್ದುಪಡಿ ಮಾಡಿ ಆ ಕಾರಣವನ್ನೇ ತೆಗೆದುಹಾಕಿದ್ದಾರೆ. ಆಕೆಗೆ ಅದು ಬೇಕೂ ಇರಲಿಲ್ಲ. ಆದರೂ ಕೇಳಿ ಸಮಾಧಾನ ಆಯಿತು ಅಂದರು.

ಬೇರೆಯವರು ಕೇಳುವ ಎರಡು ಪ್ರಶ್ನೆ

ಸ್ಟೀರಾಯ್ಡ್ ಇಷ್ಟು ಒಳ್ಳೆಯದಾದರೆ ಎಂಡಿಟಿ ಜೊತೆ ಮೊದಲ ದಿನದಿಂದಲೇ ಎಲ್ಲರಿಗೂ ಯಾಕೆ ಕೊಡಬಾರದು? ಕಿರಿಯ ವೈದ್ಯರು ಇದನ್ನು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಬಾಂಗ್ಲಾದೇಶ ಮತ್ತು ನೇಪಾಳದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ, ಫಲಿತಾಂಶ 2004ರಲ್ಲಿ ಬಂತು. ಮೊದಲ ಮೂರು ತಿಂಗಳು ದಿನಕ್ಕೆ 20 ಮಿ.ಗ್ರಾಂ. ಕೊಟ್ಟು, ನಾಲ್ಕನೇ ತಿಂಗಳಲ್ಲಿ ಇಳಿಸುತ್ತಾ ಬಂದರು. ಆ ನಾಲ್ಕು ತಿಂಗಳು ರಿಯಾಕ್ಷನ್ ಮತ್ತು ನರದ ಹಾನಿ ಕಮ್ಮಿಯಾಯಿತು. ಆದರೆ ವರ್ಷ ಕಳೆದ ಮೇಲೆ ಆ ಲಾಭ ಉಳಿಯಲಿಲ್ಲ. ಹಾಗಾಗಿ ಎಲ್ಲರಿಗೂ ಕೊಡುವುದಲ್ಲ, ಎಲ್ಲರ ಕೈಕಾಲನ್ನೂ ಪ್ರತಿ ತಿಂಗಳು ಪರೀಕ್ಷಿಸಿ, ಬಲವೋ ಸ್ಪರ್ಶವೋ ಇಳಿದ ಕೂಡಲೇ ಅವರಿಗೆ ಕೊಡುವುದು.

ನೋವು ಇಲ್ಲದಿದ್ದರೆ ಪರೀಕ್ಷೆ ಯಾಕೆ? ಇದು ಆರೋಗ್ಯ ಕೇಂದ್ರಗಳಲ್ಲಿ ಬರುವ ಪ್ರಶ್ನೆ, ಕೆಲಸದ ಒತ್ತಡ ಇದ್ದಾಗ ಇನ್ನೂ ಜಾಸ್ತಿ. ಕುಷ್ಠದಲ್ಲಿ ನರ ನೋವಿಲ್ಲದೆಯೂ ಸಾಯುತ್ತದೆ. ಇವರಿಗೆ ಮೊಣಕೈ ನೋವು ಬಂದದ್ದು ಒಂದು ರೀತಿ ಅದೃಷ್ಟ. ಕಿರುಬೆರಳ ಸ್ಪರ್ಶ ಹೋಗಿದ್ದು ಸದ್ದಿಲ್ಲದೆ. "ನೋವಿದೆಯಾ?" ಅಂತ ಕೇಳಿ ಮಾತ್ರೆ ಪಟ್ಟಿ ಕೊಟ್ಟು ಕಳಿಸಿದರೆ ಇಂಥವರು ಕೈಯಿಂದ ಜಾರಿ ಹೋಗುತ್ತಾರೆ. ಕಣ್ಣು ಬಿಗಿಯಾಗಿ ಮುಚ್ಚಿಸುವುದು, ಕಿರುಬೆರಳು ಚಾಚಿಸುವುದು, ಹೆಬ್ಬೆರಳು ಮೇಲೆತ್ತಿಸುವುದು, ಪಾದ ಮೇಲಕ್ಕೆ ಎಳೆಸುವುದು, ಆಮೇಲೆ ಅಂಗೈ, ಅಂಗಾಲಿಗೆ ಪೆನ್ನು. ಕಾರ್ಡಿನಲ್ಲಿ ಬರೆಯುವುದೂ ಸೇರಿ ಇದಕ್ಕೆ ಹತ್ತು ನಿಮಿಷ ಸಾಕು. ಆ ಕಾರ್ಡೇ ಇಲ್ಲಿ ನಷ್ಟದ ವಯಸ್ಸು ಹೇಳಿದ್ದು.

ಈಗಿನ ಸ್ಥಿತಿ

ಎಂಡಿಟಿ ಮುಗಿದ ಮೇಲೂ ರಿಯಾಕ್ಷನ್ ಬರಬಹುದು, ಕೆಲವರಿಗೆ ಒಂದೆರಡು ವರ್ಷ ಬಿಟ್ಟೂ ಬರುತ್ತದೆ. ಹಾಗಾಗಿ ಇವರು ಮೂರು ತಿಂಗಳಿಗೊಮ್ಮೆ ಬರುತ್ತಾರೆ, ಅದೇ ಪರೀಕ್ಷೆ ನಡೆಯುತ್ತದೆ. ಮಚ್ಚೆ ಕೆಂಪಾದರೆ, ಮೊಣಕೈ ಅಥವಾ ಮೊಣಕಾಲ ಹೊರಬದಿ ನೋಯಲು ಶುರುವಾದರೆ, ಬೆರಳು ಚಾಚಲು ಆಗದಿದ್ದರೆ, ಕಣ್ಣು ಕೆಂಪಾದರೆ ತಾರೀಖಿಗೆ ಕಾಯದೆ ಅಂದೇ ಬರಬೇಕು ಅಂತ ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದುಕೊಟ್ಟಿದ್ದೇವೆ.

ಸ್ಪರ್ಶ ಇಲ್ಲದ ಬೆರಳನ್ನು ಈಗ ಕಣ್ಣೇ ಕಾಯಬೇಕು. ರಾತ್ರಿ ಊಟಕ್ಕೆ ಮುಂಚೆ ಎರಡೂ ಕೈ ನೀರಲ್ಲಿ ನೆನೆಸಿ, ಒರೆಸದೆ ಎಣ್ಣೆ ಹಚ್ಚಿ, ಬೆಳಕಲ್ಲಿ ತಿರುಗಿಸಿ ನೋಡುತ್ತಾರೆ: ಬೊಬ್ಬೆ, ಬಿರುಕು, ಕೆಂಪು. ಭಟ್ಟಿಯಲ್ಲಿ ಹುರಿಯುವ ಕಡೆಗೆ ಮರಳಿಲ್ಲ, ತೂಕದ ಕಡೆಯೇ ಇದ್ದಾರೆ. ಚೀಲ ಮಾತ್ರ ತಾವೇ ಕಟ್ಟುತ್ತಾರೆ, ದಪ್ಪ ಬಟ್ಟೆಯ ಕೈಗವಸು ಹಾಕಿಕೊಂಡು.